ಆ ಸರ್ವೆ ನಂಬರಿನ ಜಾಗ

ಕುಮಟೆಯಿಂದ ಬಂದ ಸೀಗಡಿ ಕಂಪನಿಯ ಏಜೆಂಟ್ ಗುರುದತ್ತ, ಶೇರಿನ ಅರ್ಜಿಯನ್ನೂ ಪೆನ್ನನ್ನೂ ಮುಂದೆ ಚಾಚಿದ. ಯಮುನಾ ಪೆನ್ನು ಮುಟ್ಟಲಿಲ್ಲ. ಕಾಸರಕೋಡಿನಲ್ಲಿ ಮೀನು ಒಣಗಿಸುವ ಹೆಂಗಸರ ಸಂಘಕ್ಕೆ ಅವಳೇ ಅಧ್ಯಕ್ಷೆ; ಅವಳೊಂದು ಸಹಿ ಹಾಕಿದರೆ ಹದಿನೆಂಟು ಮಂದಿಯ ಆರು ವರ್ಷದ ಉಳಿತಾಯ ಆ ಕಂಪನಿಯ ಪಾಲಾಗುತ್ತಿತ್ತು. ಪೆನ್ನಿನ ಬದಲು ಅವಳು ಮಡಚಿದ ಹಾಳೆಯೊಂದನ್ನು ಮೇಜಿನ ಮೇಲೆ ಬಿಡಿಸಿಟ್ಟಳು.

“ಇದೆಂತ ಯಮುನಕ್ಕ?”

“ನಿಮ್ಮ ಕಂಪನಿಯ ವರ್ಷದ ವರದಿ. ಅವರೇ ಇಂಟರ್‌ನೆಟ್ಟಲ್ಲಿ ಹಾಕಿದ್ದು. ಹೊನ್ನಾವರದ ಸೈಬರ್ ಕೆಫೆಯಲ್ಲಿ ಕೂತು ಎಲ್ಲಾ ಪುಟ ನೋಡಿದೆ. ಇದೊಂದನ್ನೇ ಪ್ರಿಂಟ್ ತೆಗ್ಸಿದೆ.”

ಗುರುದತ್ತ ನಕ್ಕ. “ಎಲ್ಲಾ ಇಂಗ್ಲಿಷಲ್ಲಿ ಉಂಟಲ್ಲ ಮಾರಾಯ್ತಿ. ನಿಂಗೆಂತ ಗೊತ್ತಾಗ್ತದೆ?”

“ಇಂಗ್ಲಿಷು ನಂಗೆ ಅಷ್ಟಕ್ಕಷ್ಟೇ. ಊರ ಹೆಸರು, ಸರ್ವೆ ನಂಬರು ಓದೂಕೆ ಬತ್ತದೆ.” ಅವಳ ಬೆರಳು ಒಂದು ಸಾಲಿನ ಮೇಲೆ ನಿಂತಿತು. “ಕಾಸರಕೋಡಲ್ಲಿ ಸೀಗಡಿ ಕಾರ್ಖಾನೆ, ಇನ್ನೂರು ಕೆಲಸಗಾರರು ಅಂತ ಬರ್ದು, ಸರ್ವೆ ನಂಬರೂ ಹಾಕಿದಾರೆ. ಆ ನಂಬರಿನ ಜಾಗಕ್ಕೆ ಬಾಡಿಗೆ ಕಟ್ಟಿ ದಿನಾ ಮೀನು ಒಣಗ್ಸೂದು ನಾವು. ಕಾರ್ಖಾನೆ ಬಿಡು, ಅಲ್ಲಿ ಒಂದು ಗೂಟಾನೂ ಇಲ್ಲ.”

ಗುರುದತ್ತನ ದನಿ ಗಡಸಾಯಿತು. “ಹಂಗಾರೆ ಆಡಿಟರು ನೋಡಿ ಸಹಿ ಹಾಕಿದ್ದು ಸುಳ್ಳಾ?”

ಯಮುನಾ ಕಾಲ ಬುಡದಲ್ಲಿದ್ದ ಬುಟ್ಟಿಗೆ ಕೈ ಹಾಕಿದಳು. ಒಂದು ಬೊಗಸೆ ಒಣಮೀನು ತೆಗೆದು, ನುಣ್ಣಗೆ ಹೊಳೆಯುವ ಆ ಅರ್ಜಿಯ ಮೇಲೆ ಸುರಿದಳು.

“ಆ ಜಾಗದಿಂದ ಹೊರಗೆ ಬರೂ ಮಾಲು ಇದೊಂದೇ ತಮ್ಮಾ. ತಕೊಂಡು ಹೋಗಿ ನಿಮ್ಮ ಆಡಿಟರಿಗೆ ಕೊಡು. ಈ ಸಲ ಮೂಸಿ ನೋಡಿ ಸಹಿ ಹಾಕ್ಲಿ.”