ಹದಿನೈದನೆಯ ಸಹಿ

ಬಾಗಿಲು ಅರ್ಧ ತೆರೆಯುವಷ್ಟರಲ್ಲೇ ಎದುರುಮನೆಯಾತ ಅರ್ಜಿಯನ್ನೂ ಪೆನ್ನನ್ನೂ ಒಳಗೆ ಚಾಚಿದ.

“ಒಂದು ಸಹಿ ಮಾಡಿ ಮೇಡಂ. ನಮ್ಮ ಬೀದಿಯ ಪರಿಸರ ಬಳಗಕ್ಕೆ ಹದಿನಾಲ್ಕು ಜನ ಸೇರಿದ್ದಾರೆ. ಇವತ್ತು ಹದಿನೈದಾದರೆ ಮೂಲೆಯ ಖಾಲಿ ಜಾಗದಲ್ಲಿ ಗಿಡ ನೆಡೋಕೆ ಪಾಲಿಕೆಯ ಒಪ್ಪಿಗೆ ಸಿಗುತ್ತೆ. ಇಲ್ಲಾಂದ್ರೆ ಅಲ್ಲಿ ಕಾರ್ ಪಾರ್ಕಿಂಗ್ ಮಾಡ್ತಾರೆ.”

“ಎದುರುಮನೆಯೋರು ಅಂತೂ ಇವತ್ತು ರಸ್ತೆ ದಾಟಿದ್ರಲ್ಲ!” ಆಕೆ ನಗುತ್ತ ಪೆನ್ನು ತೆಗೆದುಕೊಂಡಳು. “ಗಿಡ ಅಂದ್ರೆ ನಂಗೂ ಇಷ್ಟ. ಎಲ್ಲಿ ಸಹಿ?”

“ಇಲ್ಲಿ. ಸದಸ್ಯರಿಗೆಲ್ಲ ನನ್ನ ಕಡೆಯಿಂದ ಒಂದೊಂದು ಬಟ್ಟೆ ಚೀಲ. ಇನ್ಮೇಲೆ ಪ್ಲಾಸ್ಟಿಕ್ ಬೇಡ.”

ಆಕೆ ಚೀಲವನ್ನು ಹಿಂದೆ ಮುಂದೆ ನೋಡಿದಳು. “ಹೊಲಿಗೆಯೆಲ್ಲ ಹೊರಗಡೆ ಇದೆಯಲ್ರೀ. ಟೈಲರ್‌ಗೆ ನಿದ್ದೆ ಬಂದಿತ್ತಾ?”

ಕೈ ಹಾಕಿ ಒಳಮೈಯನ್ನು ಹೊರಗೆಳೆದಳು. ಕೆಂಪಕ್ಷರದಲ್ಲಿ ಅಚ್ಚಾಗಿತ್ತು: ‘ವಾರುಣಿ – ಸುಘೋಷ, ಶುಭವಿವಾಹ’.

“ಇದು ನಿಮ್ಮ ಮಗಳ ಹೆಸರಲ್ವಾ?”

“ಹೂಂ. ತಾಂಬೂಲದ ಚೀಲ ನೂರು ಉಳಿದಿತ್ತು ಮೇಡಂ. ಇದೂ ಮರುಬಳಕೆನೇ ಅಲ್ವಾ?”

ಆಕೆ ಪೆನ್ನಿಗೆ ಮುಚ್ಚಳ ಹಾಕಿದಳು. ಸಹಿಯಿಲ್ಲದ ಅರ್ಜಿಯನ್ನು ಚೀಲದೊಳಗಿಟ್ಟು ಅವನ ಕೈಗೇ ಕೊಟ್ಟಳು.

“ಕರೆಯದ ಮದುವೆಯ ತಾಂಬೂಲ ನಾನು ಮುಟ್ಟಲ್ಲ.”