ಮರದಚ್ಚಿನ ದೇವದೂತ

ತೀರಿಕೊಂಡ ಅಮ್ಮನ ಬಟ್ಟೆಗಳನ್ನು ಮಡಚಿ ಸಾಕಾಗಿ ಕೂತಿದ್ದೇನೆ. ಕಪಾಟಿನಿಂದ ಆ ಹಳೆಯ ಇಂಗ್ಲಿಷ್ ಭಕ್ತಿಕವಿತೆಗಳ ಪುಸ್ತಕದ ಮುಗ್ಗಲು ವಾಸನೆ ಬರುತ್ತಿದೆ.

ಊರಿನಲ್ಲಿ ತಾತ ಹೋದ ಸುದ್ದಿ ಬಂದ ದಿನ ಅಮ್ಮ ಸಂಸ್ಕಾರಕ್ಕೆ ತಲುಪುವಂತಿರಲಿಲ್ಲ. ಮಧ್ಯಾಹ್ನ ಪರದೇಶದ ಕ್ರಾಸ್‌ರೋಡ್ಸ್ ಬಡಾವಣೆಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ತಲೆಗೆ ಸ್ನಾನ ಮಾಡಿ, ಒದ್ದೆ ಕೂದಲಲ್ಲೇ ಆ ಪುಸ್ತಕ ಬಿಡಿಸಿ ಕೂತಳು. ಮರದಲ್ಲಿ ಕೆತ್ತಿ ಅಚ್ಚೊತ್ತಿದ ಚಿತ್ರ, ಕೂದಲೆಳೆಯಂಥ ಕಪ್ಪು ಗೆರೆಗಳು. ರೆಕ್ಕೆಯಿದ್ದವನೊಬ್ಬ ಮುದುಕನ ಕತ್ತಿನ ಕೆಳಗೆ ಕೈಯಿಟ್ಟು ಮೇಲೆತ್ತುತ್ತಿದ್ದ.

"ಯಾರೇ ಇವನು?"

"ಏಂಜೆಲ್. ವೆನ್ ಯು ಡೈ, ಹೀ ಟೇಕ್ಸ್ ಯು," ಎಂದೆ.

"ಹಗ್ಗ ಎಲ್ಲಿ? ನಮ್ಮ ಯಮನ ಕೈಲಿ ಇರತ್ತಲ್ಲ?"

"ನೋ ರೋಪ್, ಅಮ್ಮ."

ಅವಳು ಗೆರೆಗಳ ಮೇಲೆ ಮೆಲ್ಲಗೆ ಬೆರಳಾಡಿಸಿದಳು.

"ಅಪ್ಪಂಗೆ ಕತ್ತು ನೋವಿತ್ತು ಕಣೇ. ಇವನೇ ಬಂದಿದ್ರೆ ಚೆನ್ನಾಗಿರ್ತಿತ್ತು."