ಎ.ಸಿ. ಕೋಣೆಯ ಬುಟ್ಟಿ

ಸುಡುಬಿಸಿಲಿನ ಕಲಬುರಗಿಯಲ್ಲಿ ಹಿರಿಯರಿಗೆಂದು ಎ.ಸಿ. ಕೋಣೆಯೊಂದರಲ್ಲಿ ವೈರಿನ ಬುಟ್ಟಿ ಹೆಣೆಯುವ ಶಿಬಿರ ನಡೆದಿತ್ತು. ಎಲ್ಲರ ಬುಟ್ಟಿಯೂ ಮುಗಿದ ದಿನ ಕೋಣೆಗೆ ಬೀಗ. ಬುಟ್ಟಿ ಕಟ್ಟಿಕೊಂಡು ಮಾಣಿಕಪ್ಪನವರಿಗೆ ಆಗಬೇಕಾದ್ದೇನೂ ಇರಲಿಲ್ಲ. ಅವರಿಗೆ ಬೇಕಾದದ್ದು ಆ ತಂಪು. ಅದಕ್ಕೇ ದಿನವೂ ಎಲ್ಲರಿಗಿಂತ ಮೊದಲೇ ಬಂದು, ಹಿಂದಿನ ದಿನ ಹೆಣೆದದ್ದನ್ನು ಗುಟ್ಟಾಗಿ ಬಿಚ್ಚಿಡುತ್ತಿದ್ದರು.

"ಎಲ್ಲಾರ್ದೂ ಮುಗ್ದಾವ. ಕಾಕಾ, ನಿಮ್ದೊಂದೇ ಯಾಕ ಮುಗೀವಲ್ದು?" ಕಲಿಸುವ ಹುಡುಗಿ ಗದರಿದಳು.

"ವಯಸ್ಸಾಗ್ಯದ ಅಕ್ಕೋರ, ಕೈ ನಡುಗ್ತಾವ."

"ಇಸ್ಪೀಟ್ ಎಲಿ ಕಲಸೋವಾಗ ನಡುಗಂಗಿಲ್ಲೇನ್ರಿ?"

ಕೋಣೆಯೆಲ್ಲ ನಕ್ಕಿತು. ಹುಡುಗಿ ಪಕ್ಕದಲ್ಲೇ ಕೂತು, ಬಿಡದೆ ಅಂಚಿನವರೆಗೂ ಹೆಣೆಸಿದಳು.

"ಹಿಡಿಕಿ ಒಂದೇ ಉಳೀತು. ನಾಳೆ ಅದನ್ನ ಹಾಕಿ ಶಿಬಿರ ಮುಗಸೋಣು," ಎಂದು ಶಿಬಿರ ನಡೆಸುತ್ತಿದ್ದ ಸಂಘದ ಅಧ್ಯಕ್ಷರ ಎದುರೇ ಸಾರಿದಳು.

ಪಾಪಿ, ಇವಳಿಗೇನು ಗೊತ್ತು ನಮ್ಮ ಮನೆಯ ಸೆಕೆ ಎಂದು ಮಾಣಿಕಪ್ಪ ದಾರಿಯುದ್ದಕ್ಕೂ ಶಪಿಸಿದರು.

ಮರುದಿನ ಊಟವನ್ನೂ ಅರ್ಧಕ್ಕೆ ಬಿಟ್ಟು ಓಡಿಬಂದು, ಮೆಲ್ಲಗೆ ಬಾಗಿಲು ತಳ್ಳಿದರು. ಎ.ಸಿ.ಯ ನೇರ ಕೆಳಗೆ ಚಕ್ಕಳಮಕ್ಕಳ ಹಾಕಿ ಕೂತಿದ್ದ ಹುಡುಗಿ, ಅವರ ಬುಟ್ಟಿಯನ್ನು ಬುಡದವರೆಗೂ ಬಿಚ್ಚಿದ್ದಳು.

"ಬಾಗಿಲಾ ಹಾಕ್ರಿ ಕಾಕಾ," ಎಂದಳು ತಲೆಯೆತ್ತದೆ, "ತಂಪು ಹೊರಗ ಹೋಗ್ತದ."